ಎರಡು ಅಂಕದ ಉದಾರತೆ

ಎಸ್ಸೆಸ್ಸೆಲ್ಸಿ ಪಾಸಾಗೋಕೆ ಇನ್ನು ಮೂವತ್ತೈದು ಬೇಡ, ಮೂವತ್ಮೂರು ಸಾಕು ಅಂತ 2025ರ ಅಕ್ಟೋಬರಿನಲ್ಲಿ ಶಿಕ್ಷಣ ಸಚಿವ ಮಧು ಬಂಗಾರಪ್ಪನವರು ಹೇಳಿದರಲ್ಲ, ಆವತ್ತು ಸಂಜೆ ಅಂಗಡಿಗೆ ಬಂದ ಹತ್ತನೇ ಕ್ಲಾಸಿನ ಹುಡುಗನೊಬ್ಬ ಕೇಳಿದ್ದು ಇಷ್ಟೇ: "ಅಣ್ಣಾ, ಹಂಗಾರೆ ಪಾಸಿಂಗ್ ಪ್ಯಾಕೇಜೂ ಸಣ್ಣದಾಯ್ತದಾ?"

ಸರ್ಕಾರದ ಆದೇಶವನ್ನು ಇಷ್ಟು ಬೇಗ, ಇಷ್ಟು ಸರಿಯಾಗಿ ಅರ್ಥ ಮಾಡಿಕೊಂಡವರನ್ನು ನಾನು ವಿಧಾನಸೌಧದಲ್ಲೂ ಕಾಣಲಾರೆ.

ನನ್ನದು ತಿಪಟೂರಿನಲ್ಲಿ ಹೈಸ್ಕೂಲೊಂದರ ಎದುರಿನ ಜೆರಾಕ್ಸ್ ಅಂಗಡಿ. ಜೊತೆಗೆ ಆನ್‌ಲೈನ್ ಅರ್ಜಿ, ಲ್ಯಾಮಿನೇಷನ್, ಪೆನ್ನು, ಪ್ರಾಜೆಕ್ಟ್ ಶೀಟು. ಪರೀಕ್ಷೆಯ ದಿನಗಳಲ್ಲಿ ಕೇಂದ್ರದಿಂದ ಇನ್ನೂರು ಮೀಟರಿನೊಳಗೆ ಜೆರಾಕ್ಸ್ ಅಂಗಡಿ ತೆರೆಯುವಂತಿಲ್ಲ ಅಂತ ಆದೇಶ ಬರುತ್ತೆ, ಪೊಲೀಸಿನವರು ಬಂದು ಷಟರ್ ಎಳೆಸುತ್ತಾರೆ. ವ್ಯಾಪಾರ ಹೋಗುತ್ತೆ. ಆದರೂ ನನಗೆ ಆ ಆದೇಶದ ಮೇಲೆ ಒಂಥರಾ ಗೌರವ. ಈ ರಾಜ್ಯದಲ್ಲಿ ಒಂದು ಪರೀಕ್ಷೆಗಾದರೂ ಮರ್ಯಾದೆ ಉಳಿದಿದೆ, ಅದಕ್ಕೋಸ್ಕರ ಅಂಗಡಿ ಮುಚ್ಚಿಸ್ತಾರೆ ಅನ್ನೋ ಸಮಾಧಾನ.

ಮೊದಲೇ ಹೇಳಿಬಿಡುತ್ತೇನೆ, ನಾನು ಬಲಗಡೆಯವನು. ಓಟು ಯಾರಿಗೆ ಅನ್ನೋದು ನಮ್ಮ ಬೀದಿಗೆಲ್ಲ ಗೊತ್ತು. ಮನೆ, ಮಠ, ದೇವಸ್ಥಾನ, ಅಪ್ಪ ಅಮ್ಮನ ಮಾತು, ಸಾಲ ಮಾಡದೆ ಬದುಕೋದು, ಇವುಗಳ ಮೇಲೆ ನಂಬಿಕೆ ಇರೋ ಮನುಷ್ಯ. ಸರ್ಕಾರ ಅನ್ನೋದು ರಸ್ತೆ, ನೀರು, ಪೊಲೀಸು, ಪಾಠ, ಇಷ್ಟನ್ನು ನೆಟ್ಟಗೆ ಮಾಡಿದರೆ ಉಳಿದದ್ದನ್ನು ಜನ ನೋಡಿಕೊಳ್ಳುತ್ತಾರೆ ಅನ್ನೋನು. ಹಾಗಂತ ನಮ್ಮ ಪಕ್ಷದವರಿಗೆ ಇಲ್ಲಿ ರಿಯಾಯಿತಿ ಇಲ್ಲ, ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಪಾಸಿಂಗ್ ಪ್ಯಾಕೇಜ್ ಅಂದರೇನು ಅಂತ ಬೆಂಗಳೂರಿನ ಓದುಗರಿಗೆ ಗೊತ್ತಿರಲಿಕ್ಕಿಲ್ಲ. ಸಂಕ್ರಾಂತಿ ಕಳೆದರೆ ಸಾಕು, ಮೇಷ್ಟ್ರುಗಳು ವಾಟ್ಸಾಪಿನಲ್ಲಿ ಪಿಡಿಎಫ್ ಕಳಿಸುತ್ತಾರೆ. ಓದಿನಲ್ಲಿ ಹಿಂದಿರೋ ಮಕ್ಕಳಿಗಾಗಿ ತಯಾರಿಸಿದ್ದು. ಗಣಿತದಲ್ಲಿ ಥೇಲ್ಸ್ ಪ್ರಮೇಯ ಬಾಯಿಪಾಠ, ರೇಖಾತ್ಮಕ ಸಮೀಕರಣದ ಗ್ರಾಫು. ಸಮಾಜ ವಿಜ್ಞಾನದಲ್ಲಿ ಭಾರತದ ನಕ್ಷೆ ಬರೆದು ನಾಲ್ಕು ಜಾಗ ಗುರುತಿಸೋದು. ಕನ್ನಡದಲ್ಲಿ ಒಂದು ಪದ್ಯ, ಒಂದು ಪತ್ರ, ಒಂದು ಪ್ರಬಂಧ, ನಾಲ್ಕು ಗಾದೆ. ವಿಜ್ಞಾನದಲ್ಲಿ ಒಂದಷ್ಟು ಚಿತ್ರ. ಇಷ್ಟನ್ನು ತಿದ್ದಿ ತಿದ್ದಿ ಕೈಗೆ ಕೂರಿಸಿದರೆ ದಡ ಸೇರಬಹುದು ಅನ್ನೋದು ಲೆಕ್ಕ. ಜನವರಿ ಫೆಬ್ರವರಿಯಲ್ಲಿ ನನ್ನ ಮೆಷಿನ್ನು ಹೊತ್ತು ಮುಳುಗಿದ ಮೇಲೂ ಇದನ್ನೇ ಉಗುಳುತ್ತಾ ಇರುತ್ತೆ. ನನ್ನ ಮನೆಯ ಉಗಾದಿ ಹೋಳಿಗೆಗೆ ಬೆಲ್ಲ ಬರೋದೇ ಇದರಿಂದ, ಆದ್ದರಿಂದ ಮೇಷ್ಟ್ರುಗಳನ್ನು ಬೈಯೋ ಅಧಿಕಾರ ನನಗಿಲ್ಲ. ಬೈಯೋಕೆ ಮನಸ್ಸೂ ಇಲ್ಲ. ಮಗು ಒಂಬತ್ತು ವರ್ಷ ಓದು ಬಾರದೆ ಮೇಲಕ್ಕೆ ಬಂದುಬಿಟ್ಟಿದೆ, ಹತ್ತನೇ ವರ್ಷ ಜಿಲ್ಲೆಯ ಶಿಕ್ಷಣಾಧಿಕಾರಿ ಡಿಡಿಪಿಐ ಆಫೀಸಿನಿಂದ "ಫಲಿತಾಂಶ ಎಲ್ಲಿ" ಅಂತ ನೋಟಿಸು ಬರುತ್ತೆ. ಅವರಾದರೂ ಏನು ಮಾಡ್ಯಾರು?

ಹುಡುಗ ಕೇಳಿದ್ದರ ಹಿಂದೆ ಇರೋದು ಇದು. ಗೆರೆ ಕೆಳಗೆ ಬಂದರೆ ಪ್ಯಾಕೇಜು ಸಣ್ಣದಾಗುತ್ತೆ. ಓದು ಜಾಸ್ತಿ ಆಗಲ್ಲ.

ಹೊಸ ನಿಯಮದಲ್ಲಿ 625ಕ್ಕೆ ಒಟ್ಟು 206 ಬಂದು, ಪ್ರತಿ ವಿಷಯದಲ್ಲೂ ಕನಿಷ್ಠ ಶೇ. 30 ಇದ್ದರೆ ಪಾಸು. ಅದರಲ್ಲಿ ನೂರಕ್ಕೆ 20 ಶಾಲೆಯೇ ಕೊಡೋ ಆಂತರಿಕ ಅಂಕ. ಆ ಇಪ್ಪತ್ತರಲ್ಲಿ ಹತ್ತೋ ಹನ್ನೆರಡೋ ಬಂದವನ ಅಂಕಪಟ್ಟಿ ನನ್ನ ಗ್ಲಾಸಿನ ಮೇಲೆ ಮಲಗಿದ್ದು ನನಗೆ ನೆನಪಿಲ್ಲ. ಎಲ್ಲರೂ ಹದಿನೆಂಟು, ಹತ್ತೊಂಬತ್ತರ ಮೇಧಾವಿಗಳೇ.

ಈಗ ಈ ಸರ್ಕಾರವನ್ನು ಹೊಗಳಬೇಕಾದ ಕಡೆ ಹೊಗಳಿಬಿಡುತ್ತೇನೆ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಸಿಸಿ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಶುರು ಮಾಡಿದರು. ಎಷ್ಟೋ ವರ್ಷಗಳಲ್ಲಿ ನಮ್ಮ ಶಿಕ್ಷಣ ಇಲಾಖೆ ಮಾಡಿದ ಗಂಡಸುತನದ ಕೆಲಸ ಅಂದರೆ ಅದೇ. ನಮ್ಮ ಪಕ್ಷದವರಿಗೆ ಅದು ಹೊಳೆಯಲೂ ಇಲ್ಲ, ಧೈರ್ಯವೂ ಬರಲಿಲ್ಲ. ಪರೀಕ್ಷೆಗೆ ಮುಂಚೆ ಅಕ್ಷರ ಕುಗ್ಗಿಸಿ ಬೆಂಕಿಪೊಟ್ಟಣದ ಗಾತ್ರಕ್ಕೆ ಮೈಕ್ರೋ ಜೆರಾಕ್ಸ್ ಮಾಡಿಕೊಡಿ ಅಂತ ಬರೋರು ಆ ವರ್ಷ ಬರಲೇ ಇಲ್ಲ. (ಮಾಡಿಕೊಡಲ್ಲ ಅಂತ ಗೊತ್ತಿದ್ದರೂ ಕೇಳೋಕೆ ಬರುತ್ತಿದ್ದರು, ಅದೂ ಒಂದೊಂದು ಸಲ ಅಪ್ಪಂದಿರ ಸಮೇತ.) ಫಲಿತಾಂಶ ಬಂದಾಗ ಗೊತ್ತಾಯಿತು. ಹಿಂದಿನ ವರ್ಷ ಶೇ. 83.89 ಇದ್ದದ್ದು ಶೇ. 73.40ಕ್ಕೆ ಇಳಿದಿತ್ತು. ಅದೂ ಹೇಗೆ? ಕೃಪಾಂಕ ಶೇ. 10 ಇದ್ದದ್ದನ್ನು 20 ಮಾಡಿ, ಅದನ್ನು ಪಡೆಯೋಕೆ ಬೇಕಿದ್ದ ಒಟ್ಟು ಅಂಕವನ್ನು ಶೇ. 35ರಿಂದ 25ಕ್ಕೆ ತಂದ ಮೇಲೆ! ಕೃಪಾಂಕ ಕಳೆದು ನೋಡಿದರೆ ರಾಜ್ಯದ ಹೆಚ್ಚುಕಮ್ಮಿ ಅರ್ಧದಷ್ಟು ಮಕ್ಕಳು ಫೇಲು.

ಆ ಹೊತ್ತಿಗೆ ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಈ ಕೃಪಾಂಕದ ಬಗ್ಗೆ ಗರಂ ಆಗಿ, ಮುಂದಿನ ವರ್ಷದಿಂದ ಬೇಡ ಅಂದರು. ಸರಿಯಾಗೇ ಅಂದರು. 2025ರಲ್ಲಿ ಕೃಪಾಂಕವಿಲ್ಲದೆ ಫಲಿತಾಂಶ ಬಂತು, ಶೇ. 62.34. ಕೆಟ್ಟ ಫಲಿತಾಂಶವೇ, ಆದರೆ ನಿಜದ ಫಲಿತಾಂಶ. ಅಲ್ಲಿಂದ ನಾಲ್ಕನೇ ಕ್ಲಾಸಿಗೆ ಹೋಗಿ, ಓದು ಬರೆಹ ಬಾರದ ಮಕ್ಕಳು ಯಾರ್ಯಾರು ಅಂತ ಹೆಸರು ಬರೆದುಕೊಂಡು, ಕೆಲಸ ಶುರು ಮಾಡಬೇಕಿತ್ತು. ಐದಾರು ತಿಂಗಳಿಗೆ ಬಂದದ್ದು ಮೂವತ್ಮೂರರ ಘೋಷಣೆ. ಕೃಪಾಂಕವನ್ನು ಮುಂಬಾಗಿಲಲ್ಲಿ ಕಳಿಸಿ ಹಿತ್ತಿಲಲ್ಲಿ ಒಳಗೆ ಕರೆದುಕೊಂಡ ಹಾಗಾಯಿತು.

ನಮ್ಮೂರು ಕೊಬ್ಬರಿಯ ಊರು. ಎಪಿಎಂಸಿಯಲ್ಲಿ ಉಂಡೆ ಕೊಬ್ಬರಿ ಹರಾಜಾಗಿ ಉತ್ತರದ ಕಡೆಗೆ ಲಾರಿ ಹತ್ತುತ್ತೆ. ಎರಡನೇ ದರ್ಜೆಯ ಚೀಲದ ಮೇಲೆ ಒಂದನೇ ದರ್ಜೆ ಅಂತ ಬರೆದು ಕಳಿಸಬಹುದು, ಇಲ್ಲಿ ಯಾರೂ ಕೇಳಲ್ಲ. ಅಲ್ಲಿ ದಿಲ್ಲಿಯ ವರ್ತಕ ಒಂದು ಕೊಬ್ಬರಿ ಒಡೆದು ನೋಡುತ್ತಾನೆ. ಆಮೇಲೆ ಆ ಒಂದು ಚೀಲಕ್ಕಲ್ಲ, ತಿಪಟೂರಿನ ಅಷ್ಟೂ ಚೀಲಕ್ಕೆ ರೇಟು ಇಳಿಯುತ್ತೆ. ಚೆನ್ನಾಗಿ ಒಣಗಿಸಿದ ಬಡ ರೈತನ ಚೀಲಕ್ಕೂ.

ಸಿಬಿಎಸ್‌ಇನಲ್ಲೂ 33 ಇದೆಯಲ್ಲ, ಬೇರೆ ರಾಜ್ಯಗಳಲ್ಲೂ ಇದೆಯಲ್ಲ ಅನ್ನೋದು ಸಚಿವರ ವಾದ. ಇದೆ, ಒಪ್ಪಿದೆ. ಮೂವತ್ತೈದು ಅನ್ನೋದೇನು ವೇದದಲ್ಲಿ ಬಂದ ಸಂಖ್ಯೆಯಲ್ಲ. ಫಲಿತಾಂಶ ಶೇ. 85 ಇದ್ದ ವರ್ಷ ಇದನ್ನು ಮಾಡಿದ್ದರೆ ನಾನು ಈ ಬರೆಹ ಬರೆಯುತ್ತಿರಲಿಲ್ಲ. ಬಿದ್ದ ಮರುವರ್ಷವೇ ಮಾಡಿದ್ದಕ್ಕೆ ಅನುಮಾನ. ಪಕ್ಕದ ಕೇರಳ ನೋಡಿ. 2024ರಲ್ಲಿ ಅಲ್ಲಿದ್ದದ್ದು ಕಮ್ಯುನಿಸ್ಟರ ಸರ್ಕಾರ, ಎಲ್ಲರನ್ನೂ ಪಾಸು ಮಾಡೋದಕ್ಕೆ ಹೆಸರಾದ ವ್ಯವಸ್ಥೆ. ಅವರೇ ಆ ವರ್ಷ ಇದು ಸಾಕು ಅಂದುಕೊಂಡು, ಎಂಟನೇ ತರಗತಿಯಿಂದ ಶುರು ಮಾಡಿ ವರ್ಷಕ್ಕೊಂದು ತರಗತಿಯಂತೆ ಪ್ರತಿ ವಿಷಯಕ್ಕೂ ಕನಿಷ್ಠ ಶೇ. 30 ಕಡ್ಡಾಯ ಮಾಡ ಹೊರಟರು. ಎಡದವರು ಗೆರೆ ಮೇಲಕ್ಕೆ ಎಳೀತಾ ಇರುವಾಗ ನಾವು ಕೆಳಕ್ಕೆ ಎಳೀತಾ ಇದ್ದೀವಿ.

ನನ್ನ ಭಾವಮೈದ ಕಾಂಗ್ರೆಸ್ಸಿನವನು, ಪಂಚಾಯ್ತಿ ಮೆಂಬರಾಗಿದ್ದವನು. "ಬಡವರ ಮಕ್ಕಳು ಫೇಲಾಗಿ ಮನೇಲಿ ಕೂತರೆ ನಿಂಗೆ ಖುಷೀನಾ?" ಅಂತ ಕೇಳಿದ. ಹೆಣ್ಣುಮಕ್ಕಳಾದರೆ ಫೇಲಾದ ವರ್ಷವೇ ಮದುವೆ ಮಾಡಿಬಿಡ್ತಾರೆ, ಅದನ್ನೂ ನೋಡು ಅಂದ. ಅವನ ಮಾತಿನಲ್ಲಿ ಹುರುಳಿದೆ, ನಾನೂ ಕಂಡಿದ್ದೇನೆ. ಆದರೆ ಅದಕ್ಕೆ ಮದ್ದು ಈ ಸರ್ಕಾರವೇ ಕೊಟ್ಟಿದೆಯಲ್ಲ! ವರ್ಷಕ್ಕೆ ಮೂರು ಪರೀಕ್ಷೆ. ಒಂದರಲ್ಲಿ ಹೋದರೆ ಎರಡು, ಎರಡರಲ್ಲಿ ಹೋದರೆ ಮೂರು, ವರ್ಷ ಹಾಳಾಗಲ್ಲ. ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಬಿದ್ದವನಿಗೆ ಇನ್ನೊಂದು ಸಲ ಓಡು ಅನ್ನೋದು ದಯೆ. ಓಡದೇ ಇದ್ದರೂ ಮುಟ್ಟಿದೆ ಅನ್ನೋದು ದಯೆಯಲ್ಲ, ಅವನಿಗೆ ಹೇಳೋ ಸುಳ್ಳು.

ಆ ಸುಳ್ಳಿನ ಬೆಲೆ ಯಾರು ಕಟ್ಟುತ್ತಾರೆ? ತೊಂಬತ್ತು ತೆಗೆಯೋ ಡಾಕ್ಟರ ಮಗನಿಗೆ 35 ಆದರೇನು, 33 ಆದರೇನು. 2024ರಲ್ಲಿ ಕೃಪಾಂಕದಲ್ಲಿ ಪಾಸಾದ ಒಬ್ಬ ಹುಡುಗ ನನಗೆ ಗೊತ್ತು. ಮನೆಯಲ್ಲಿ ಮೊದಲ ಬಾರಿಗೆ ಹತ್ತು ಪಾಸಾದವನು ಅವನೇ, ಅಪ್ಪ ಕಾಯಿ ಸುಲಿಯೋ ಕೆಲಸದವನು. ಬೀದಿಗೆಲ್ಲ ಮೈಸೂರುಪಾಕು ಹಂಚಿದರು. ಪಿಯುಸಿಯಲ್ಲಿ ಕಾಮರ್ಸ್ ತಗೊಂಡ. ಬಸ್ ಪಾಸಿಗೆ ಅಂತ ಪ್ರಾಂಶುಪಾಲರಿಗೆ ಮೂರು ಸಾಲಿನ ಅರ್ಜಿ ಬರೆಯಬೇಕಿತ್ತು, ನನ್ನ ಕೌಂಟರಿನ ಮುಂದೆ ಪೆನ್ನು ಹಿಡಿದು ಬೆವತುಬಿಟ್ಟ. "ನೀವೇ ಬರೆದುಬಿಡಿ ಅಣ್ಣ" ಅಂದ. ಮೊದಲ ವರ್ಷದ ಕೊನೆಗೆ ಕಾಲೇಜು ಬಿಟ್ಟ, ಈಗ ಕೊಬ್ಬರಿ ಗೋದಾಮಿನಲ್ಲಿ ಮೂಟೆ ಹೊರುತ್ತಾನೆ. ಆ ಕೆಲಸದಲ್ಲಿ ಅವಮಾನವೇನೂ ಇಲ್ಲ. ಆದರೆ ಅವನ ಕೈಯಲ್ಲಿ ಸರ್ಕಾರ ಕೊಟ್ಟ ಒಂದು ಕಾಗದವಿದೆ, ಅದರಲ್ಲಿ ಬರೆದಿರೋದು ಅವನಿಗೆ ಬರೋದಿಲ್ಲ, ಅದು ಅವನಿಗೂ ಗೊತ್ತು. ಐಟಿಐ ಸೇರಿ ಫಿಟ್ಟರ್ ಆಗೋ ವಯಸ್ಸು ಮಾತ್ರ ಕಾಮರ್ಸಿನ ಬೆಂಚಿನಲ್ಲಿ ಕಳೆದುಹೋಯಿತು.

ಈಗ ನಮ್ಮವರ ಸರದಿ. 2021ರಿಂದ 2023ರವರೆಗೆ ಶಿಕ್ಷಣ ಸಚಿವರಾಗಿದ್ದವರು ನಮ್ಮ ತಿಪಟೂರಿನ ಶಾಸಕರೇ, ಬಿ.ಸಿ. ನಾಗೇಶ್. ನಮ್ಮೂರಿಗೆ ಅಂಥ ಖಾತೆ ಬಂತಲ್ಲ ಅಂತ ಹೆಮ್ಮೆ ಇತ್ತು. ಆ ಎರಡು ವರ್ಷ ಟೀವಿಯಲ್ಲಿ ಬಂದದ್ದೇನು? ಹಿಜಾಬ್, ಆಮೇಲೆ ರೋಹಿತ್ ಚಕ್ರತೀರ್ಥ ಸಮಿತಿ ತಿದ್ದಿದ ಪಠ್ಯಪುಸ್ತಕ. ಯೂನಿಫಾರ್ಮ್ ಅಂದಮೇಲೆ ಯೂನಿಫಾರ್ಮ್ ಅನ್ನೋದೇ ನನ್ನ ನಿಲುವು, ಅದರಲ್ಲಿ ಬದಲಾವಣೆ ಇಲ್ಲ. ಆರೆಸ್ಸೆಸ್ ಸ್ಥಾಪಕ ಹೆಡಗೇವಾರರ ಭಾಷಣ ಪುಸ್ತಕದಲ್ಲಿದ್ದರೆ ನನಗೆ ಆಕ್ಷೇಪವೂ ಇಲ್ಲ. ಆದರೆ ಬಸವಣ್ಣನವರ ಪಾಠಕ್ಕೆ ಕೈಹಾಕಿ ನಮ್ಮ ಜಿಲ್ಲೆಯ ಮನೆಮನೆಗಳಲ್ಲಿ, ಮಠಗಳಲ್ಲಿ ಬೇಸರ ಹುಟ್ಟಿಸಿದ್ದು ಯಾವ ಜಾಣತನ? ನಮ್ಮ ಸಂಸ್ಕೃತಿ ಉಳಿಸ್ತೀವಿ ಅಂದವರು ಮೊದಲು ಮಗುವಿಗೆ ಆ ಸಂಸ್ಕೃತಿಯನ್ನು ಓದೋಕೆ ಬರುವಂತೆ ಮಾಡಬೇಕಿತ್ತು. ಓದಲು ಬಾರದವನಿಗೆ ಹೆಡಗೇವಾರರೂ ಒಂದೇ, ಭಗತ್ ಸಿಂಗ್ ಕೂಡ ಒಂದೇ. ಐದು ಮತ್ತು ಎಂಟನೇ ಕ್ಲಾಸಿಗೆ ಬೋರ್ಡ್ ಮಾದರಿಯ ಪರೀಕ್ಷೆ ತಂದರು, ಅದು ಒಳ್ಳೆಯ ಯೋಚನೆ. ಆದರೆ ನೆಟ್ಟಗೆ ಕಾನೂನಿನ ದಾರಿಯಲ್ಲಿ ತರದೆ ಸುತ್ತೋಲೆ ಹೊರಡಿಸಿದ್ದರಿಂದ ಹೈಕೋರ್ಟಿನಲ್ಲಿ ಸಿಕ್ಕಿಕೊಂಡಿತು. ಸರ್ಕಾರ ಬದಲಾದ ಮೇಲೂ ಆ ಜಗಳ ಮುಗಿಯದೆ, 2024ರಲ್ಲಿ ಮಕ್ಕಳು ಬರೆದ ಪರೀಕ್ಷೆಯ ಫಲಿತಾಂಶಕ್ಕೆ ಸುಪ್ರೀಂ ಕೋರ್ಟೇ ತಡೆ ಹಾಕಿತು. ಚುನಾವಣೆಯಲ್ಲಿ ನಮ್ಮೂರಿನವರು ಸಚಿವರನ್ನೇ ಮನೆಗೆ ಕಳಿಸಿದರು.

ಮುಂದಿನವರು ಬಂದು ಮೊದಲು ಮಾಡಿದ್ದೇನು? 2023ರ ಜೂನಿನಲ್ಲಿ, ಪುಸ್ತಕ ಆಗಲೇ ಮಕ್ಕಳ ಬ್ಯಾಗಿನಲ್ಲಿ ಇರುವಾಗ, ಈ ಪಾಠ ಓದಬೇಡಿ, ಆ ಪಾಠ ಓದಿ ಅಂತ ಪೂರಕ ಪುಸ್ತಿಕೆ. ಅಂದರೆ ಮತ್ತೆ ಜೆರಾಕ್ಸ್. ನಾಲ್ಕು ವರ್ಷದ ಡಿಗ್ರಿ ತಂದವರು ಒಬ್ಬರು, ತೆಗೆದವರು ಇನ್ನೊಬ್ಬರು. ತಲಾ ಎರಡು ಕೋಟಿ ಕೊಟ್ಟು ಜಿಲ್ಲೆಗೊಂದು ವಿಶ್ವವಿದ್ಯಾಲಯ ಅಂತ ಬೋರ್ಡು ನೆಟ್ಟವರು ನಮ್ಮವರು, ಅವುಗಳಲ್ಲಿ ಹೆಚ್ಚಿನವನ್ನು ಮುಚ್ಚೋಣ ಅಂತ ಸಂಪುಟ ಉಪಸಮಿತಿ ಮಾಡಿದವರು ಇವರು. ವಸತಿ ಶಾಲೆಗಳ ಬಾಗಿಲಲ್ಲಿ "ಜ್ಞಾನ ದೇಗುಲವಿದು ಕೈಮುಗಿದು ಒಳಗೆ ಬಾ" ಅಂತ ಇದ್ದದ್ದನ್ನು 2024ರಲ್ಲಿ ಕೆಲವು ಕಡೆ "ಧೈರ್ಯವಾಗಿ ಪ್ರಶ್ನಿಸಿ" ಅಂತ ಬದಲಾಯಿಸಿದರು. ಸರಿ, ಪ್ರಶ್ನಿಸಿಯೇ ಬಿಡುತ್ತೇನೆ. ಒಳಗೆ ಗಣಿತದ ಮೇಷ್ಟ್ರು ಇದ್ದಾರಾ ಸ್ವಾಮಿ?

ಅತಿಥಿ ಶಿಕ್ಷಕರ ವಿಷಯಕ್ಕೆ ಕೈಹಾಕಿದರೆ ಇದು ಮುಗಿಯಲ್ಲ. ತಿಂಗಳಿಗೆ ಹನ್ನೆರಡು ಸಾವಿರ ಚಿಲ್ಲರೆಗೆ ಬಿಎಡ್ ಮಾಡಿದ ಹೆಣ್ಣುಮಗಳು ಹಳ್ಳಿಯ ಶಾಲೆ ನಡೆಸುತ್ತಾಳೆ, ಅದೂ ವರ್ಷದಲ್ಲಿ ಹತ್ತು ತಿಂಗಳಿಗೆ. ನಮ್ಮ ಬೀದಿಯ ಟೈಲ್ಸ್ ಮೇಸ್ತ್ರಿ ಅದಕ್ಕಿಂತ ಎಷ್ಟೋ ಜಾಸ್ತಿ ದುಡಿಯುತ್ತಾನೆ.

ಮತ್ತೆ ಆ ಸಮೀಕ್ಷೆ. 2025ರ ಸೆಪ್ಟೆಂಬರ್ 22ರಿಂದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆ ಅಂತ ಮೇಷ್ಟ್ರುಗಳನ್ನೆಲ್ಲ ಮನೆಮನೆಗೆ ಕಳಿಸಿದರು. ಅರವತ್ತು ಪ್ರಶ್ನೆ, ಮುಷ್ಕರ ಹೂಡೋ ಆ್ಯಪು, ಗೋಡೆಗೆ ಸ್ಟಿಕ್ಕರು. ದಸರಾ ರಜದಲ್ಲಿ ಮುಗಿಯಲಿಲ್ಲ, ಆದ್ದರಿಂದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಅಕ್ಟೋಬರ್ 18ರ ತನಕ ರಜ ಎಳೆದರು. ಜಾತಿ ಗಣತಿ ಬೇಕೋ ಬೇಡವೋ ಅನ್ನೋ ಚರ್ಚೆ ಪಕ್ಕಕ್ಕಿಡಿ. ಹಿಂದುಳಿದವರ ಶಿಕ್ಷಣದ ಸ್ಥಿತಿ ತಿಳಿಯೋದಕ್ಕೆ ಹಿಂದುಳಿದವರ ಮಕ್ಕಳ ಶಾಲೆಯನ್ನೇ ಮುಚ್ಚಿದರಲ್ಲ! ಖಾಸಗಿ ಶಾಲೆಯ ವ್ಯಾನು ನನ್ನ ಅಂಗಡಿ ಮುಂದೆ ಎಂದಿನ ಹಾಗೆ ಹಾರನ್ ಹೊಡೆದುಕೊಂಡು ಹೋಗುತ್ತಿತ್ತು. ಎದುರಿನ ಗೇಟಿಗೆ ಬೀಗ. ಪಾಸ್ ಅಂಕ ಇಳಿಸಿದ ಸುದ್ದಿಯೂ ಆ ರಜದಲ್ಲೇ ಬಂತು. ಬೇರೆ ಯಾರಿಗೂ ಇದು ವಿಚಿತ್ರ ಅನ್ನಿಸಲಿಲ್ಲ ಅನ್ನೋದೇ ನನಗೆ ವಿಚಿತ್ರ.

ಗ್ಯಾರಂಟಿಗಳ ಬಗ್ಗೆ ಬಲಪಂಥದವನು ಏನು ಹೇಳುತ್ತಾನೆ ಅಂತ ನೀವು ಊಹಿಸಿರುತ್ತೀರಿ. ಅಷ್ಟು ಸಲೀಸಲ್ಲ. ಶಕ್ತಿ ಬಸ್ಸು ಬಂದ ಮೇಲೆ ಹೊನ್ನವಳ್ಳಿ, ನೊಣವಿನಕೆರೆ ಕಡೆಯ ಹುಡುಗಿಯರು ದುಡ್ಡಿನ ಯೋಚನೆ ಇಲ್ಲದೆ ಕಾಲೇಜಿಗೆ ಬರೋದನ್ನು ನಾನು ದಿನಾ ನೋಡುತ್ತೇನೆ, ಅದನ್ನು ನಿಲ್ಲಿಸಿ ಅಂತ ನನ್ನ ಬಾಯಲ್ಲಿ ಬರಲ್ಲ. ಗೃಹಲಕ್ಷ್ಮಿಯ ಎರಡು ಸಾವಿರ ಅತ್ತೆಗೋ ಸೊಸೆಗೋ ಅಂತ ಜಗಳ ಆಡಿದ ಮನೆಗಳ ಅರ್ಜಿಯನ್ನೂ ನೋಡಿದ್ದೇನೆ, ಆ ದುಡ್ಡಲ್ಲಿ ಮಗಳಿಗೆ ಲ್ಯಾಬ್ ಕೋಟು ತಂದ ತಾಯಿಯನ್ನೂ ನೋಡಿದ್ದೇನೆ. ನನ್ನ ತಕರಾರು ಲೆಕ್ಕದ್ದು. 2025-26ರ ಬಜೆಟ್ಟಿನಲ್ಲಿ ಐದು ಗ್ಯಾರಂಟಿಗೆ 51 ಸಾವಿರ ಕೋಟಿ, ಇಡೀ ಶಿಕ್ಷಣಕ್ಕೆ 45 ಸಾವಿರ ಕೋಟಿ. ಅದರಲ್ಲಿ ಯುವನಿಧಿ ಅಂತ ಒಂದಿದೆ. ಡಿಗ್ರಿ ಮಾಡಿ ಕೆಲಸ ಸಿಗದವನಿಗೆ ತಿಂಗಳಿಗೆ ಮೂರು ಸಾವಿರ, ಡಿಪ್ಲೊಮಾ ಆದರೆ ಒಂದೂವರೆ ಸಾವಿರ, ಎರಡು ವರ್ಷ. ಸರ್ಕಾರ ತಾನೇ ಕೊಟ್ಟ ಡಿಗ್ರಿಗೆ ತಾನೇ ಕಟ್ಟೋ ದಂಡ ಇದು. ಹತ್ತನೇ ಕ್ಲಾಸಿನ ಗೆರೆಯನ್ನು ಇಳಿಸಿದಷ್ಟೂ ಮುಂದೆ ಆ ದಂಡದ ಮೊತ್ತ ಏರುತ್ತೆ.

ದುಡ್ಡೊಂದರಿಂದಲೇ ಶಾಲೆ ಆಗುವುದಿದ್ದರೆ ಕಲ್ಯಾಣ ಕರ್ನಾಟಕ ಇಷ್ಟು ಹೊತ್ತಿಗೆ ಮುಂದಿರಬೇಕಿತ್ತು. ಆ ಭಾಗಕ್ಕೆ ವಿಶೇಷ ಸ್ಥಾನ ಕೊಡೋ ಸಂವಿಧಾನದ 371ಜೆ ವಿಧಿ ಬಂತು, ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ ಐದು ಸಾವಿರ ಕೋಟಿ ಅಂತ ಬಜೆಟ್ಟಿನಲ್ಲಿ ಓದುತ್ತಾರೆ. 2025ರ ಫಲಿತಾಂಶದಲ್ಲಿ ದಕ್ಷಿಣ ಕನ್ನಡ ಶೇ. 91.12, ಕಲಬುರಗಿ ಶೇ. 42.43. ಒಂದೇ ಸರ್ಕಾರ, ಒಂದೇ ಪುಸ್ತಕ, ಒಂದೇ ಪ್ರಶ್ನೆಪತ್ರಿಕೆ. ಆ ಕಡೆ ಖಾಲಿ ಹುದ್ದೆ ಜಾಸ್ತಿ, ಬಿಸಿಲು ಜಾಸ್ತಿ, ಗುಳೆ ಹೋಗೋ ಮನೆಗಳು ಜಾಸ್ತಿ, ಎಲ್ಲ ನಿಜ. ಆದರೆ ಕರಾವಳಿಯಲ್ಲಿ ಶಾಲೆ ಅನ್ನೋದು ಊರಿನ ಆಸ್ತಿ. ಚರ್ಚಿನವರು, ದೇವಸ್ಥಾನದವರು, ಮದ್ರಸದವರು, ಮುಂಬೈಗೆ ಹೋಗಿ ಹೋಟೆಲ್ ಇಟ್ಟ ಹಳೆ ವಿದ್ಯಾರ್ಥಿಗಳು, ಎಲ್ಲರ ಕೈಯೂ ಅದರಲ್ಲಿದೆ. ಸರ್ಕಾರ ಆಮೇಲೆ ಬಂದದ್ದು.

ನಮ್ಮ ಜಿಲ್ಲೆಯವನಿಗೆ ಇದನ್ನು ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು ಯಾವ ಜಾತಿ ಅಂತ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟರು. 2019ರ ಜನವರಿಯಲ್ಲಿ ಅವರು ಲಿಂಗೈಕ್ಯರಾದಾಗ ನಮ್ಮೂರಿನ ಅಂಗಡಿಗಳೆಲ್ಲ ಯಾರೂ ಹೇಳದೆ ಮುಚ್ಚಿದವು. ರಾಗಿ, ಕಾಯಿ, ಬೇಳೆ ಹಳ್ಳಿಗಳಿಂದ ಹೋಗುತ್ತಿತ್ತು, ನಮ್ಮ ತಾತನ ಗಾಡಿಯೂ ಹೋಗಿದೆ. ಅಲ್ಲಿ ಉಚಿತ ಊಟ ಇತ್ತು, ಆದರೆ ನಸುಕಿಗೆ ಎದ್ದು ಪ್ರಾರ್ಥನೆಗೆ ಕೂರದವನಿಗೆ, ಓದದವನಿಗೆ ಮೈಗಳ್ಳತನದ ರಿಯಾಯಿತಿ ಇರಲಿಲ್ಲ. ಕೊಡೋ ಕೈಯೇ ಕೇಳೋ ಕೈಯೂ ಆಗಿತ್ತು. ನಮ್ಮ ಸರ್ಕಾರಗಳು, ಎರಡೂ ಪಕ್ಷದವು, ಕೊಡೋದನ್ನು ಕಲಿತಿವೆ. ಕೇಳೋಕೆ ಓಟಿನ ಭಯ.

ಭಾವಮೈದ ಕೇಳಿದ, "ಹಂಗಾದ್ರೆ ನೀನೇ ಮಂತ್ರಿಯಾದ್ರೆ ಏನ್ ಮಾಡ್ತೀಯ, ಹೇಳು." ಹೇಳಿದೆ. ಮೂವತ್ಮೂರೇ ಇರಲಿ, ಆದರೆ ಅಂಕಪಟ್ಟಿಯಲ್ಲಿ ಲಿಖಿತ ಪರೀಕ್ಷೆಯ ಅಂಕ ದೊಡ್ಡ ಅಕ್ಷರದಲ್ಲಿ, ಶಾಲೆ ಕೊಟ್ಟ ಅಂಕ ಬೇರೆ ಕಾಲಂನಲ್ಲಿ ಬರಲಿ. ವೆಬ್‌ಕಾಸ್ಟಿಂಗ್ ತೆಗೆಯೋ ಮಾತು ಯಾರೂ ಆಡಬಾರದು. ಮೇಷ್ಟ್ರಿಗೆ ಚುನಾವಣೆ ಬಿಟ್ಟು ಬೇರೆ ಯಾವ ಗಣತಿಯೂ ಬೇಡ, ಅದಕ್ಕೆ ಯುವನಿಧಿ ತಗೊಳ್ಳೋ ಹುಡುಗರಿದ್ದಾರಲ್ಲ, ಕೆಲಸ ಕೊಟ್ಟ ಹಾಗೂ ಆಯಿತು. ಪ್ರತಿ ಶಾಲೆಯ ಗೋಡೆಯ ಮೇಲೆ, ಬಿಸಿಯೂಟದ ಮೆನು ಬರೆಯೋ ಜಾಗದ ಪಕ್ಕದಲ್ಲೇ, ನಾಲ್ಕನೇ ಕ್ಲಾಸಿನಲ್ಲಿ ಎಷ್ಟು ಮಕ್ಕಳಿದ್ದಾರೆ, ಅದರಲ್ಲಿ ಎಷ್ಟು ಮಕ್ಕಳಿಗೆ ಪತ್ರಿಕೆ ಓದೋಕೆ ಬರುತ್ತೆ ಅಂತ ತಿಂಗಳಿಗೊಮ್ಮೆ ಬರೆಯಲಿ. ಪೋಷಕರೇ ಇರೋ ಶಾಲಾ ಸಮಿತಿ, ಅಂದರೆ ಎಸ್‌ಡಿಎಂಸಿಯವರು, ಬಂದು ಪರೀಕ್ಷಿಸಲಿ.

"ಬರೀಬಹುದು," ಅಂದ ಅವನು, "ಆದ್ರೆ ಮೊದಲ ತಿಂಗಳು ಬರೆದ ಹೆಡ್‌ಮೇಷ್ಟ್ರು ಎರಡನೇ ತಿಂಗಳಿಗೆ ಪಾವಗಡಕ್ಕೆ ವರ್ಗ ಆಗಿರ್ತಾನೆ."

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಎಸ್‌ಡಿಎಂಸಿಯಲ್ಲಿ ಇರೋರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಶಾಲೆಯಲ್ಲಿ ಒಮ್ಮೆ ಮಾಡಿ ನೋಡಿ. ಗೋಡೆಗೆ ಅಂಟಿಸೋ ಹಾಳೆಯ ಪ್ರಿಂಟು ನಮ್ಮ ಅಂಗಡಿಯಲ್ಲಿ ಪುಕ್ಕಟೆ.